ಕಸದ ಖಾತೆ

ವಾಶಿಯ ದಾಣಾ ಬಜಾರಿನಲ್ಲಿ
ಲಾರಿಯ ಹಿಂಬಾಗಿಲ ಸರಪಳಿ ಕಳಚಿ ಬಿದ್ದರೆ
ಬೆಳಗಾಯಿತೆಂದು ಲೆಕ್ಕ.
ನಾನು ವೇಲಜಿ ಸೇಠರ ಮಳಿಗೆಯ ಗುಮಾಸ್ತ,
ಕಿವಿಯ ಮೇಲೆ ಪೆನ್ನು, ಕೈಯಲ್ಲಿ ಪರಖಿ.
ಚೀಲದ ಹೊಟ್ಟೆಗೆ ಚುಚ್ಚಿ ಎಳೆದರೆ
ಅಂಗೈಗೆ ಒಂದು ಹಿಡಿ ಒಳಗುಟ್ಟು.
ಸೇಠರು ನೋಡುವರು, ಮೂಸುವರು, ಒಂದೆರಡು ಕಡಿಯುವರು,
ಭಾವ ಹೇಳಿ
ಉಳಿದದ್ದನ್ನು ನೆಲಕ್ಕೆ ಚೆಲ್ಲುವರು.

ಆ ಚೆಲ್ಲಿದ್ದು ನಿಂಬೆವ್ವನದು.
ಹೀಗೆಂದು ಎಲ್ಲೂ ಬರೆದಿಲ್ಲ.
ಇಂಡಿ ತಾಲೂಕಿನಿಂದ ಬಂದವಳು, ತುರ್ಭೆಯಲ್ಲಿ ಜೋಪಡಿ,
ಮೋಟು ಕಸಬರಿಗೆ, ಒಂದು ಜರಡಿ, ಸೊಂಟಕ್ಕೆ ಸಿಮೆಂಟಿನ ಚೀಲ.
ಇಪ್ಪತ್ತು ವರ್ಷದಿಂದ ಗುಡಿಸುತ್ತಾಳೆ
ಮಾಥಾಡಿಗಳ ಕೊಕ್ಕೆ ಹರಿದಲ್ಲಿ, ತಕ್ಕಡಿಯ ಅಡಿಯಲ್ಲಿ,
ಪಾರಿವಾಳಗಳೊಡನೆ ಜಗಳಾಡುತ್ತ.
ಸಂಜೆ ಜರಡಿ ಹಿಡಿದರೆ
ಬರ್ಮಾದ ಉದ್ದು, ಮೊಜಾಂಬಿಕಿನ ತೊಗರಿ,
ಕೆನಡಾದ ಹಳದಿ ಬಟಾಣಿ, ಎಲ್ಲಿಯದೋ ಗೋಧಿ.
ಒಂದು ಕಾಳನ್ನು ಬೆಳಕಿಗೆ ಹಿಡಿದು
"ಇದು ನಮ್ಮ ಕಡೀದಲ್ಲ" ಎನ್ನುತ್ತಾಳೆ,
"ಹಡಗಿನಾಗ ಕುಂತು ಕುಂತು ಜೋಮು ಹಿಡದದ."
ಎಲ್ಲ ಒಂದೇ ಗಡಿಗೆಗೆ.
ಉದ್ದು ಕರಗುವ ಹೊತ್ತಿಗೆ ಬಟಾಣಿ ಇನ್ನೂ ಕಲ್ಲು.

ಈ ವರ್ಷ
ಎಲ್ಲೋ ಒಂದು ಬಂದರು ಮುಚ್ಚಿತಂತೆ,
ಎಲ್ಲೋ ಒಬ್ಬ ದೊರೆ ರಫ್ತು ಬೇಡವೆಂದನಂತೆ.
ನಮ್ಮ ಮಳಿಗೆಗೆ ಸುದ್ದಿ ತಲುಪಿದ್ದು ಹೀಗೆ:
ಸೇಠರು ಕಾಳು ಕಡಿದರು, ಭಾವ ಹೇಳಿದರು,
ಅಂಗೈ ಮಗುಚುವ ಮೊದಲು ಒಂದು ಗಳಿಗೆ ತಡೆದು
ಹಿಡಿಯನ್ನು ಮತ್ತೆ ಚೀಲದ ತೂತಿಗೇ ಸುರಿದರು.

ಮರುದಿನ ತೂತಿಗೆ ಟೇಪು ಬಂತು.
ಮುಂದಿನ ವಾರ ಕೊಕ್ಕೆ ಬಂದ್. ಮಾಥಾಡಿಗಳು
ಜ್ವರದ ಮಗುವನ್ನೆತ್ತುವಂತೆ ಚೀಲ ಅವುಚಿ ಎತ್ತಿದರು.
ಪಾರಿವಾಳಗಳು ಈರುಳ್ಳಿ ಮಾರ್ಕೆಟ್ಟಿನ ತನಕ ಹೋಗಿ
ಪೆಚ್ಚಾಗಿ ಮರಳಿದವು.
ನಿಂಬೆವ್ವನ ಜರಡಿಯಲ್ಲಿ ಸುತಳಿ, ಹರಳು, ಬೀಡಿಯ ತುಂಡು,
ನಡುವೆ ಕಾಳು, ಎಣಿಸಬಹುದಾದಷ್ಟು.

ಫೋನಿನಲ್ಲಿ ದರ ನೋಡುತ್ತಿದ್ದೆ. ಬಗ್ಗಿ ಇಣುಕಿದಳು.
"ಯಾವೂರ ಪ್ಯಾಟಿ ಅದು?"
"ಚಿಕಾಗೊ."
"ಅಲ್ಲಿ ಕಸಾ ಯಾರು ಹೊಡೀತಾರ?"
ಅಲ್ಲಿ ಚೀಲವೇ ಇಲ್ಲವ್ವಾ, ಎಂದೆ, ಬರೀ ಅಂಕಿ.
ಇನ್ನೂ ಬಿತ್ತದ ಗೋಧಿ ಹತ್ತು ಕೈ ದಾಟುತ್ತದೆ.
ಕಸಬರಿಗೆಯ ಕಡ್ಡಿಗಳನ್ನು ನೆಲಕ್ಕೆ ಕುಟ್ಟಿ ಸರಿಮಾಡಿಕೊಂಡಳು.
"ಹತ್ತು ಕೈ ದಾಟಿದ್ರೂ ಒಂದು ಕಾಳು ನೆಲಕ್ಕ ಬೀಳೂದಿಲ್ಲ?
ಅದೆಂಥಾ ಕೈಯೋ ಯಪ್ಪಾ."

ಶನಿವಾರ ಸೇಠರು ಹೊಸ ಹಾಳೆ ತೆರೆ ಎಂದರು:
ನೆಲದ ಗುಡಿಸು ಇನ್ನು ಗುತ್ತಿಗೆಗೆ, ಕಿಲೋಗೆ ಇಷ್ಟು.
ಖಾತೆಗೆ ಹೆಸರು?
ಕಸ, ಎಂದರು.
ಬರೆದೆ. ಕಸ, ಜಮಾ.
ನನ್ನ ಅಕ್ಷರ ದುಂಡಗಿದೆಯೆಂದು ಬಜಾರೇ ಹೊಗಳುತ್ತದೆ.

ಘನ್ಸೋಲಿಯ ನಮ್ಮ ಮನೆಯಲ್ಲೂ ಸಾರು ತಿಳಿಯಾಗಿತ್ತು.
ಬಟ್ಟಲ ತಳದ ಹೂವು ಮೇಲಿನಿಂದಲೇ ಕಾಣುತ್ತದೆಂದು
ಮಗಳಿಗೆ ಖುಷಿ.
ಅಂಗಿ ತೊಳೆಯುವಾಗ ಹೆಂಡತಿ ಜೇಬಿನಿಂದ ತೆಗೆದು
ಕಿಟಕಿಯಲ್ಲಿಟ್ಟಳು, ಹನ್ನೊಂದು ತೊಗರಿ ಕಾಳು.
ಎಲ್ಲಿಯವೆಂದು ಕೇಳಲಿಲ್ಲ.
ಸೇಠರ ಅಂಗೈಯಿಂದ ಚೀಲಕ್ಕೆ ಮರಳುವ ದಾರಿಯಲ್ಲಿ
ನನ್ನ ಜೇಬೂ ಇದೆ.

ಸೋಮವಾರ ನಿಂಬೆವ್ವ ಬಂದಳು,
ಗುತ್ತಿಗೆಯವನ ಕೈಕೆಳಗೆ, ಜರಡಿಯಿಲ್ಲದೆ.
ನಾನು ಚುಚ್ಚಿದೆ, ಎಳೆದೆ, ತೋರಿಸಿದೆ,
ತಿರುಗಿದೆ.
ಅವಳು ನೆಲ ನೋಡಿದಳು. ಆಮೇಲೆ ನನ್ನ ಎದೆಯ ಕಡೆ.
ಗುಡಿಸುತ್ತ ಗುಡಿಸುತ್ತ ನನ್ನ ಕಾಲ ಬಳಿಗೆ ಬಂದು
ತಲೆಯೆತ್ತದೆ ಅಂದಳು:
"ಯಣ್ಣಾ, ಕಿಸೇಕ ಒಂದು ತೂತ ಇರ್ಲಿ."